ನಾಯಿಮರಿಯ ಕೊರಳಪಟ್ಟಿ

ಸೈನಾಯೋಕಿಯ ಆಸ್ಪತ್ರೆಯ ಹಿಂಬದಿಗೆ ನನ್ನ ಕಾರ್ಯಾಗಾರ.
ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ
ತಲೆಯಿಲ್ಲದ, ತೋಳಿಲ್ಲದ ಪ್ಲಾಸ್ಟರಿನ ಮುಂಡಗಳು:
ಸ್ಕೇಟಿಂಗಿನ ಹುಡುಗಿ, ಹಾಕಿಯ ಗೋಲ್‌ಕೀಪರು,
ಜಿಮ್ನಾಸ್ಟಿಕ್ಸಿನ ಅವಳಿಗಳು.
ಹದಿಮೂರು, ಹದಿನಾಲ್ಕು, ಹದಿನೈದು.
ಸಂಜೆ ದೀಪ ಆರಿಸುವಾಗ ಒಮ್ಮೊಮ್ಮೆ
ಇವರಿಗೆ ಏನಾದರೂ ಹೇಳಬೇಕೆನಿಸುತ್ತದೆ.

ಜನವರಿಯಲ್ಲಿ ಬಂದಳು ಹಿಲ್ಲಾ ರಿಂತಮಾಕಿ,
ಈಟಿ ಎಸೆಯುವವಳು.
ಕೂತರೆ ನೋವಿಲ್ಲ, ನಡೆದರೆ ಇಲ್ಲ,
ಹಿಂದಕ್ಕೆ ಬಿಲ್ಲಾಗಿ ಬಾಗಿದಾಗ ಮಾತ್ರ
ಸೊಂಟದ ಮೇಲೆ ಬೆರಳಗಲದ ಜಾಗ.
"ಅಲ್ಲೇ. ಹ್ಞಾಂ, ಅಲ್ಲೇ."
ಅಕ್ಟೋಬರಿನಿಂದ. ಯಾರಿಗೂ ಹೇಳಿರಲಿಲ್ಲ.
ಯಾಕೆಂದರೆ ಭುಜ ಕುಣಿಸಿದಳು,
ಅದೇ ಭುಜ, ನಲವತ್ತೊಂಬತ್ತು ಮೀಟರಿನದು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು.
ಓರೆಯಾಗಿ ತೆಗೆದ ಚಿತ್ರದಲ್ಲಿ ನಮ್ಮೆಲ್ಲರ ಬೆನ್ನೊಳಗೂ
ಒಂದರ ಕೆಳಗೊಂದು ಪುಟ್ಟ ನಾಯಿಗಳು ನಿಂತಿರುತ್ತವೆ,
ಮೂತಿ, ಕಿವಿ, ಮುಂಗಾಲು, ಎಲ್ಲ ಸರಿಯಾಗಿ.
ಐದನೆಯದರ ಕೊರಳಲ್ಲಿ ಒಂದು ಕಪ್ಪು ಗೆರೆ,
ಈ ಕಡೆಯ ಚಿತ್ರದಲ್ಲೂ, ಆ ಕಡೆಯದರಲ್ಲೂ.
"ಕೊರಳಿಗೆ ಪಟ್ಟಿ ಕಂಡರೆ ಎಲುಬು ಬಿರಿದಿದೆ ಎಂದರ್ಥ."
ತಾಯಿ ಕೈಚೀಲದ ಜಿಪ್ಪು ಎಳೆದರು, ಮುಚ್ಚಿದರು.
ಹಿಲ್ಲಾ ಕತ್ತು ಚಾಚಿ ಕೇಳಿದಳು,
"ಇದಕ್ಕೆ ಹೆಸರಿಡಬಹುದಾ?"
ಮುಸ್ತಿ ಎಂದಿಟ್ಟಳು. ಮುಸ್ತಿ ಎಂದರೆ ಕರಿಯ.
ನಾಯಿ ಬೆಳ್ಳಗಿತ್ತು. ಇರಲಿ.

ಬಿದ್ದು ಮುರಿದದ್ದಲ್ಲ ಇದು.
ಪೆಟ್ಟಿಲ್ಲ, ಸದ್ದಿಲ್ಲ, ತಾರೀಖಿಲ್ಲ.
ತಂತಿಯನ್ನು ಹಿಂದೆ ಮುಂದೆ ಮಣಿಸಿ ಮಣಿಸಿ
ಒಂದು ಸಲ ಎರಡು ತುಂಡು ಕೈಗೆ ಬರುತ್ತದಲ್ಲ, ಹಾಗೆ.
ದಿನಕ್ಕೆ ಅರವತ್ತು ಎಸೆತ, ಭಾನುವಾರ ನಲವತ್ತು.
ರಾತ್ರಿ ಎಲುಬು ತನ್ನನ್ನು ತಾನೇ ಹೊಲಿದುಕೊಳ್ಳುತ್ತಿತ್ತು,
ಬೆಳಗ್ಗೆ ಹೊಲಿಗೆ ಬಿಚ್ಚುತ್ತಿದ್ದೆವು.
ಬಿಚ್ಚುತ್ತಿದ್ದೆವು ಎಂದೆ, ಬೇಕೆಂದೇ.
ಜಿಲ್ಲಾ ಪಂದ್ಯದ ದಿನ ನಾನೂ ಕಟ್ಟೆಯ ಮೇಲೆ ಕೂತು
ಸಾಸೇಜು ತಿನ್ನುತ್ತ ಚಪ್ಪಾಳೆ ಹೊಡೆದವನು.
ತರಬೇತುದಾರ ಉರ್ಹೋ ಬೆನ್ನು ತಟ್ಟಿದ,
ಬ್ಯಾಂಕಿನವರು ಬೆನ್ನು ತಟ್ಟಿದರು, ಅಜ್ಜ ಬೆನ್ನು ತಟ್ಟಿದ,
ಕ್ಲಬ್ಬಿನ ಬೆನ್ನೆಲುಬು ಈ ಹುಡುಗಿ ಎಂದು ಪತ್ರಿಕೆ ಬರೆಯಿತು.
ಈಟಿ ನಾಟಿದ ಜಾಗಕ್ಕೆ ಟೇಪು ಹಿಡಿದು ಓಡಿದರು.
ಎಸೆದ ಬೆನ್ನು
ಗೆರೆಯ ಹಿಂದೆಯೇ ನಿಂತಿತ್ತು.

ನನ್ನದೂ ಟೇಪಿನ ಕೆಲಸವೇ.
ಎದೆಗೂಡು, ನಡು, ಸೊಂಟ, ಬರೆದುಕೊಂಡೆ.
ಒದ್ದೆ ಪ್ಲಾಸ್ಟರು ಸುತ್ತುವಾಗ "ತಣ್ಣಗಿದೆ" ಅಂದಳು,
ಸ್ವಲ್ಪ ಹೊತ್ತಿಗೆ "ಬಿಸಿಯಾಗ್ತಿದೆ" ಅಂದಳು.
ಎರಡೂ ನಿಜ.
ದಿನಕ್ಕೆ ಇಪ್ಪತ್ತಮೂರು ಗಂಟೆ ಕವಚದೊಳಗೆ, ಮೂರು ತಿಂಗಳು.
"ಉಳಿದ ಒಂದು ಗಂಟೆ?"
ಸ್ನಾನಕ್ಕೆ.
"ಸೌನಾಗೆ ಒಂದು ಗಂಟೆ ಎಲ್ಲಿ ಸಾಕಾಗುತ್ತೆ"
ಎನ್ನುತ್ತ ಅತ್ತುಬಿಟ್ಟಳು.
ಅಳು ಯಾವುದಕ್ಕೋ, ನೆಪ ಇನ್ಯಾವುದೋ.

ಏಪ್ರಿಲಿನಲ್ಲಿ ಕವಚದ ಪಟ್ಟಿಗಳು ಕೊಂಡಿಗೆ ಎಟುಕುತ್ತಿರಲಿಲ್ಲ.
ಬಿರಿದ ಎಲುಬು ಹೊತ್ತುಕೊಂಡೇ
ಎರಡು ಸೆಂಟಿಮೀಟರು ಬೆಳೆದಿದ್ದಳು.
ನಾನು ಮಾಡಿಕೊಟ್ಟದ್ದು ಜನವರಿಯ ಮೈಗೆ.
ಆ ಮೈ ಇಲ್ಲೇ ಹಲಗೆಯ ಮೇಲಿದೆ,
ಇವಳು ಅದರಿಂದ ಎದ್ದು ಹೋಗಿದ್ದಾಳೆ.
ಕವಚದ ಒಳಗೆ ನೀಲಿ ಪೆನ್ನಿನ ಗೀಟುಗಳು, ಐದೈದರ ಕಟ್ಟು,
ಅರವತ್ತೆರಡರ ಮೇಲೆ ಎಣಿಸುವುದು ಬಿಟ್ಟಿದ್ದಳು.

ಬಲಗಡೆ ಕೂಡಿದೆ, ಎಡಗಡೆ ಇಲ್ಲ,
ಇನ್ನು ಕೂಡಲಿಕ್ಕೂ ಇಲ್ಲ ಎಂದಿತು ಸ್ಕ್ಯಾನು.
ಹಾಗೇ ಬದುಕುವವರಿದ್ದಾರೆ, ಎಸೆಯುವವರೂ ಇದ್ದಾರೆ,
ಆದರೆ, ಎಂದರು ಡಾಕ್ಟರು,
ಆ ಆದರೆ ಬಹಳ ಹೊತ್ತು ನಡೆಯಿತು.
ಹಿಲ್ಲಾ ಕೇಳಿದ್ದು ಒಂದೇ:
"ಮುಸ್ತಿಯ ಪಟ್ಟಿ ಹಾಗೇ ಇರುತ್ತಾ?"
ಒಂದು ಕಡೆ ಇರುತ್ತದೆ.
"ಕಳೆದುಹೋಗಲ್ಲ ಹಾಗಾದರೆ."

ಕಿಟಕಿಯಿಂದ ನೋಡಿದೆ.
ಪಾರ್ಕಿಂಗಿನ ಅಂಚಿಗೆ ಕರಗುತ್ತಿದ್ದ ಕೊಳಕು ಹಿಮದಲ್ಲಿ
ಒಂದು ಉಂಡೆ ಕಟ್ಟಿ, ಎಡಗೈಯಿಂದ,
ತಮ್ಮನ ಕಡೆಗೋ ಕಾರಿನ ಕಡೆಗೋ ಬೀಸಿದಳು.
ಎಲ್ಲಿ ಬಿತ್ತೋ, ನಾನು ನೋಡಲಿಲ್ಲ.
ಅಂಗಿಯ ಕೆಳಗೆ ಆ ಬೆನ್ನು, ಕವಚವಿಲ್ಲದೆ,
ಒಂದಿಷ್ಟು ಬಾಗಿತು, ಅನುಮಾನಿಸಿತು, ನೆಟ್ಟಗಾಯಿತು.

ಹಲಗೆಯ ಮೇಲೆ ಜಾಗ ಮಾಡಬೇಕು.
ಎರಡೂವರೆಗೆ ಒಬ್ಬ ಬರುತ್ತಾನೆ,
ಕುಸ್ತಿಯವನು, ಹದಿನಾಲ್ಕು.