ಅರವತ್ತು ಮೀಟರು

ಸೋಮವಾರವೇ ಹೇಳಿದ್ದರು ಫಾಲಾಕ್ಷ ಸರ್:
ಗುರುವಾರ ದುಡ್ಡು ಹಾಕುವವರು ಬರುತ್ತಾರೆ,
ನೆಲ ಉಜ್ಜಿ, ಫ್ಯಾನಿನ ರೆಕ್ಕೆ ಒರೆಸಿ,
ಹೋದ ವರ್ಷದ ಕ್ಯಾಲೆಂಡರು ಇಳಿಸಿ;
ಮತ್ತೆ, ದಾಕ್ಷಾಯಿಣಿ, ನಿನ್ನ ಆ ರಾಶಿ
ಕಣ್ಣಿಗೆ ಬೀಳಬಾರದು.

ನನ್ನ ರಾಶಿ ಎಂದರೆ ವಾಪಸು ಬಂದ ಬೆಲ್ಲುಗಳು.
ಪೀಣ್ಯ ಎರಡನೇ ಹಂತದ ಈ ಶೆಡ್ಡಿನಿಂದ
ತಂತಿಯಿಲ್ಲದ ಕರೆಗಂಟೆಯಾಗಿ ಹೊರಟು
ದಾವಣಗೆರೆ, ಗದಗ, ಹೊಸಪೇಟೆ ಸುತ್ತಿ
ಅದೇ ಡಬ್ಬಿಯಲ್ಲಿ ಮರಳಿದವು.
ಒಂದೊಂದಕ್ಕೂ ಚೀಟಿ, ಅಂಗಡಿಯವರ ಕೈಬರಹ:
"ಪಕ್ಕದ ಮನೆ ಗುಂಡಿ ಒತ್ತಿದರೆ ನಮ್ಮಲ್ಲಿ ಕೂಗುತ್ತೆ."
"ರಾತ್ರಿ ಎರಡಕ್ಕೆ ತಾನಾಗಿ ಕೂಗಿತು, ಅತ್ತೆ ಹೆದರಿದರು."
"ಹಕ್ಕಿ ಸರಿಯಿಲ್ಲ."

ಕಾರಣ ನನಗೆ ಗೊತ್ತು, ಸರ್‌ಗೂ ಗೊತ್ತು:
ಆ ಲಾಟಿನ ಚಿಪ್ಪಿಗೆಲ್ಲ ಒಂದೇ ಕೋಡು.
ಒಂದೇ ಹೆಸರಿಟ್ಟ ಮಕ್ಕಳಿದ್ದಂತೆ,
ಯಾರು ಕರೆದರೂ ಎಲ್ಲವೂ ಓ ಅನ್ನುತ್ತವೆ.

ಬುಧವಾರ ರಾತ್ರಿ ನಾನೂ ನಿಂಗರಾಜನೂ
ಕಕ್ಕಸಿನ ಪಕ್ಕದ ಸಂದಿಗೆ ಹೊತ್ತು ಹಾಕಿ
ನೀಲಿ ಟಾರ್ಪಾಲು ಹೊದಿಸಿದೆವು.
ಸೆಲ್ಲು ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.
ಕಡೇ ಬಸ್ಸಿನ ಹೊತ್ತು.

ಸೂಟು ತೊಟ್ಟ ಗಂಡಸರು ಬರಬಹುದೆಂದುಕೊಂಡಿದ್ದೆ.
ಬಂದವರು ಒಬ್ಬರೇ, ತಾರಿಣಿ ಬಾಳಿಗ,
ಚಪ್ಪಲಿ ಹೊರಗೆ ಬಿಡಬೇಕಾ ಎಂದು ಕೇಳಿದರು.
ಬಿಡಿ, ಎಂದೆ. ನೆಲ ಉಜ್ಜಿದವಳು ನಾನು.

ಶಾಹಿದಾ ಬೆಸುಗೆ ಹಾಕುವುದನ್ನು ಬಗ್ಗಿ ನೋಡಿದರು,
ಹೊಗೆ ಮುಖಕ್ಕೆ ಬಂದರೂ ಸರಿಯಲಿಲ್ಲ.
ದಿನಕ್ಕೆಷ್ಟು? ಮುನ್ನೂರ ಅರವತ್ತು.
ಕೆಡುವುದೆಷ್ಟು? ನೂರಕ್ಕೆ ಎರಡು, ಎಂದರು ಸರ್.
ನಾನು ಸ್ಕ್ರೂಡ್ರೈವರಿನ ಹಿಡಿ ನೋಡುತ್ತ ನಿಂತೆ.
"ಇದು ಸ್ಕೇಲ್ ಆಗುತ್ತಾ?"
ನನ್ನ ಮೇಜಿನ ಮೇಲೊಂದು ಸ್ಟೀಲಿನ ಸ್ಕೇಲಿತ್ತು, ಮಗಳದು,
ಹದಿನೈದು ಸೆಂಟಿಮೀಟರಿನದು. ಕೊಡಲು ಹೋಗಿ
ಸರ್ ಕಣ್ಣು ನೋಡಿ ಕೈ ಹಿಂದಕ್ಕೆಳೆದುಕೊಂಡೆ.

ಕಡೆಗೆ ಹೊಸ ಮಾದರಿ, ಹಲಗೆಗೆ ಕೂರಿಸಿದ್ದು.
ಗುಂಡಿಯನ್ನು ಸರ್ ಅವರ ಅಂಗೈಗಿಟ್ಟರು,
ತಾಂಬೂಲ ಕೊಡುವಂತೆ, ಎರಡೂ ಕೈಯಲ್ಲಿ.
ಒತ್ತಿದರು.
ಹಲಗೆಯ ಬೆಲ್ಲು ಚಿಲಿಪಿಲಿ ಅಂದಿತು.
ಕಕ್ಕಸಿನ ಕಡೆಯಿಂದ ನಲವತ್ತೊಂದು ಓ ಅಂದವು.

ಟಾರ್ಪಾಲಿನಡಿ ಸಂಜೆಯ ಅರಳಿಮರ!
ಅರುಳ್‌ಮೇರಿ ಬಾಯಿಗೆ ಸೆರಗು ಒತ್ತಿಕೊಂಡಳು.
ಹೊಸದರೊಳಗೂ ಅದೇ ಹಳೇ ಲಾಟೆಂದು
ನನಗೆ ತಿಳಿದದ್ದು ಆಗಲೇ.
ಅವರು ಏನೂ ಅನ್ನದೆ ಇನ್ನೊಮ್ಮೆ ಒತ್ತಿದರು,
ತಲೆ ವಾಲಿಸಿ, ಎಣಿಸುವವರ ಹಾಗೆ.
ನಡೆದು ಹೋಗಿ, ಟಾರ್ಪಾಲಿನ ಮೂಲೆ ಎತ್ತಿ,
ಒಂದು ಚೀಟಿ ಓದಿದರು, ಇನ್ನೊಂದು, ಇನ್ನೊಂದು.
"ಇವನ್ನೆಲ್ಲ ನೋಡುವವರು ಯಾರು?"
ನಾನು, ಎಂದೆ.
"ಎಷ್ಟು ಸರಿಯಾಗುತ್ತೆ?"
ಬೇರೆ ಚಿಪ್ಪು ಬಂದರೆ ಎಲ್ಲ. ಬಾರದಿದ್ದರೆ ಒಂದೂ ಇಲ್ಲ.
ಸುಳ್ಳು ಹೇಳಲು ಪುರುಸೊತ್ತೇ ಸಿಗಲಿಲ್ಲ.

ಕಾಫಿ ಕುಡಿದರು. ತಿಳಿಸ್ತೀವಿ ಅಂದರು. ಕಾರು ಹತ್ತಿದರು.
ಶೆಡ್ಡಿನೊಳಗೆ ಯಾರೂ ಯಾರನ್ನೂ ನೋಡಲಿಲ್ಲ.
ಆಗ ಮತ್ತೆ ಕೂಗು, ಎಲ್ಲವೂ ಒಟ್ಟಿಗೆ.
ಗುಂಡಿ ಅವರ ಬ್ಯಾಗಿನಲ್ಲೇ ಹೋಗಿತ್ತು.

ಮುಂದೆ ಲಾರಿ ರಿವರ್ಸು ತೆಗೆಯುತ್ತಿತ್ತು,
ಕಾರು ನಿಂತು ನಿಂತು ಸರಿಯುತ್ತಿತ್ತು.
ಮತ್ತೆ ಕೂಗು.
"ಬೇಕಂತಲೇ ಒತ್ತುತ್ತಿದ್ದಾರೆ" ಎಂದ ನಿಂಗರಾಜ.
"ಬೀಗದ ಕೈ ತಗಲಿರುತ್ತೆ" ಎಂದಳು ಶಾಹಿದಾ.
ಸರ್ ಬಾಗಿಲಿಗೊರಗಿ ನಿಂತಿದ್ದರು,
ಮೈಯೆಲ್ಲ ಕಿವಿಯಾಗಿ.

ಡಬ್ಬಿಯ ಮೇಲೆ ನೂರು ಮೀಟರೆಂದು ಅಚ್ಚಾಗಿದೆ.
ನಡೆದು ಅಳೆದವಳು ನಾನು: ಅರವತ್ತು,
ನೀರಿನ ಟ್ಯಾಂಕಿನ ತನಕ.
ಅದರಾಚೆ ಅವರು ಒತ್ತಿದರೋ ಇಲ್ಲವೋ
ಇಲ್ಲಿಗೆ ಕೇಳುವುದಿಲ್ಲ.

ಸಂಜೆ ಸೆಲ್ಲು ತೆಗೆಯಲು ಕೂತೆ. ನಲವತ್ತಾಯಿತು.
ಒಂದನ್ನು ಬಿಡು, ಎಂದರು ಸರ್,
ಮುಖ ಆಚೆ ತಿರುಗಿಸಿಕೊಂಡೇ.