ಖಾಲಿ ಮನೆ

ಬೆಲೆಂ ಪೇಟೆಯ ಮೂಲಿಕೆ ಅಂಗಡಿಯಲ್ಲಿ
ದೋನ ಒಸ್ಮರೀನ ಕೇಳಿದಳು:
ನಿನ್ನ ನಕ್ಷೆಯಲ್ಲಿ ನಾನೆಲ್ಲಿ?

ಲ್ಯಾಪ್‌ಟಾಪ್ ತಿರುಗಿಸಿದೆ.
ಅಡ್ಡಕ್ಕೆ ಮದ್ದು, ಉದ್ದಕ್ಕೆ ಬೇನೆ,
ಕೂಡುವಲ್ಲೊಂದು ಸೊನ್ನೆ,
ಸಿಕ್ಕ ಅಧ್ಯಯನಗಳಷ್ಟು ದಪ್ಪ.
ಸೂಜಿಚಿಕಿತ್ಸೆ, ಸೊಂಟನೋವು: ಹಪ್ಪಳದಗಲ.
ಧ್ಯಾನ, ನಿದ್ದೆ: ಪರವಾಗಿಲ್ಲ,
ಬಣ್ಣ ಮಾತ್ರ ಮಬ್ಬು,
ಅಂದರೆ ಅಷ್ಟಾಗಿ ನೆಚ್ಚುವಂತಿಲ್ಲ.

ಅವಳ ಆಂಡಿರೋಬ ಎಣ್ಣೆ, ಮೀನುಗಾರರ ಮಂಡಿ:
ಅಲ್ಲಿ ಬರೀ ಬಿಳಿ.

‘ಹಾಗಾದರೆ ಸುಳ್ಳೇ?’
ಸುಳ್ಳೆನ್ನಲಾರೆ, ನಿಜವೆನ್ನಲೂ ಆರೆ.
ಯಾರೂ ಕದ ತಟ್ಟದ ಮನೆ ಅದು.

‘ನಲವತ್ತು ವರ್ಷದಿಂದ ತಟ್ಟುತ್ತಲೇ ಇದ್ದಾರಲ್ಲ!’
ನಕ್ಕಳು. ಎಣ್ಣೆಬೆರಳು ಒರೆಸದೆಯೇ
ಪರದೆಯ ಆ ಚೌಕವನ್ನೊತ್ತಿದಳು.

ಸಾವೊ ಪಾಲೊಗೆ ಮರಳಿ ಮೂರು ದಿನ.
ಇನ್ನೂ ಒರೆಸಿಲ್ಲ.
ಬೆಳಕು ಓರೆಯಾದಾಗ ಕಾಣುತ್ತದೆ
ಲೆಕ್ಕಕ್ಕೆ ಸೇರದ
ಜಿಡ್ಡುಜಿಡ್ಡು ಸೊನ್ನೆ.