ಕೂತಿದೆ, ಕಾಣುತ್ತಿಲ್ಲ

ಬಿತ್ತನೆ ಆಲೂಗಡ್ಡೆಯ ಕಾಲ. ಹಾಸನದ ಮಂಡಿಯ
ಮಣ್ಣು ಮೆತ್ತಿದ ಸಿಪಿಯು ಒಂದನ್ನು
ಆಟೋದಿಂದ ಕೂಸಿನ ಹಾಗೆ ಇಳಿಸಿಕೊಂಡು
ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ ಬಂದರು ಪುಟ್ಟಗೌರಮ್ಮ.

"ಶಾಹಿಸ್ತಾ, ಬಿಲ್ ಹಾಕು ಅಂದ್ರೆ ಇದು ಆಕಳಿಸ್ತದೆ.
ಲಾರಿ ಸಕಲೇಶಪುರ ದಾಟೋ ಹೊತ್ಗೆ ಕಣ್ಬಿಡ್ತದೆ.
ನಮ್ಮ ಗುಮಾಸ್ತ ಹೊಸ ಕಡ್ಡಿ ತರಿಸಿ ಸಿಕ್ಕಿಸ್ದ.
ಕೂತೈತೆ. ಕೆಲ್ಸ ಮಾತ್ರ ಇಲ್ಲ."

ಮುಚ್ಚಳ ಬಿಚ್ಚಿದೆ. ಬ್ರಶ್ಶಿಗೆ ಕೆಂಪು ಧೂಳು, ಒಣಗಿದ ಒಂದು ಮೊಳಕೆ.
ಕಡ್ಡಿ ನಿಜಕ್ಕೂ ಚೆನ್ನಾಗಿಯೇ ಕೂತಿತ್ತು,
ಇಪ್ಪತ್ತೆರಡು ಮಿಲಿಮೀಟರ್ ಅಗಲ, ಎಂಬತ್ತು ಉದ್ದ,
ಹಲ್ಲಿಗೆ ಹಲ್ಲು, ಸಂದಿಗೆ ಸಂದಿ.
ಬಯೋಸ್ ತೆರೆದರೆ ಆ ಜಾಗದಲ್ಲಿ ಬರೆದಿತ್ತು: ಖಾಲಿ.

ಎಂ ಡಾಟ್ ಟೂ ಅನ್ನುವುದು ಬಾಗಿಲಿನ ಅಳತೆ,
ಒಳಗಿನವರ ಭಾಷೆಯಲ್ಲ.
ಇದನ್ನು ಹೇಗೆ ಹೇಳಲಿ?
"ಮೊದಲು ನಮ್ಮೂರಿಗೆ ಮೀಟರ್ ಗೇಜು, ಆಮೇಲೆ ಬ್ರಾಡ್ ಗೇಜು..."
ಎಂದು ಶುರುಮಾಡಿ ನಾನೇ ನಿಲ್ಲಿಸಿದೆ.
ಅಲ್ಲಿ ಅಗಲವೇ ಬೇರೆ, ಕುರುಡರಿಗೂ ಗೊತ್ತಾಗುತ್ತದೆ.
ಇಲ್ಲಿ ಹಳಿ ಅದೇ, ಗಾಡಿ ಬಂದು ನಿಂತೂ ಆಯಿತು,
ಸ್ಟೇಷನ್ ಮಾಸ್ಟರಿಗೆ ಮಾತ್ರ ಗಾಡಿ ಕಾಣುತ್ತಿಲ್ಲ.

ಕಡ್ಡಿ ಕಿತ್ತು ಬೆಳಕಿಗೆ ಹಿಡಿದೆ. ಚಿನ್ನದ ಹಲ್ಲಿನ ಸಾಲಿನಲ್ಲಿ
ಎರಡು ಕಚ್ಚು. ಅನುಮಾನ ಬಂದು ಲೇಬಲ್ ಓದಿದೆ: ಸಾಟಾ.
ಹಳೇ ಕೇಬಲ್ಲಿನ ಮಾತನ್ನೇ ಹೊಸ ಅಂಗಿ ತೊಟ್ಟು ಆಡುವುದು.
ಪ್ರೊಸೆಸರಿನ ಮಗ್ಗುಲ ಸ್ಲಾಟಿಗೋ ಎನ್‌ವಿಎಂಇ ಒಂದೇ ಗೊತ್ತು.
ನಾಲ್ಕು ಲೇನು ಗುಡಿಸಿಟ್ಟುಕೊಂಡು ಕಾದಿದೆ,
ಬಂದವರು ಬಂದಿದ್ದಾರೆಂದೇ ತಿಳಿಯದೆ.

ಪುಟ್ಟಗೌರಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು.
"ಇದಕ್ಕೆ ರೈಲ್ಯಾಕವ್ವ?
ಸೆರಗಿನಡಿ ಕೈ ಹಿಡೀತೀನಲ್ಲ, ವ್ಯಾಪಾರಕ್ಕೆ?
ಕೈ ಎಲ್ಲಾರ್ದೂ ಕೈಯೇ.
ಎರಡು ಬೆರಳು ಅದುಮಿದ್ರೆ ನಮ್ಮೋರಿಗೆ ಇನ್ನೂರು,
ಹೊರಗಿನ ದಲ್ಲಾಳಿಗೆ ಬರೀ ಬೆರಳು."

ಮೂರು ವರ್ಷ ಡಿಪ್ಲೊಮಾ ಓದಿದವಳು
ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಕೆಳಗಿನ ಸ್ಲಾಟು ಎರಡೂ ಮಾತು ಬಲ್ಲದ್ದು.
ಕಡ್ಡಿಯನ್ನು ಓರೆಯಾಗಿ ತೂರಿಸಿದೆ, ತಲೆ ಎತ್ತಿ ನಿಂತಿತು.
ತಗ್ಗಿಸಲು ಎಳ್ಳಿನಷ್ಟು ಸ್ಕ್ರೂ ಬೇಕು, ಗುಮಾಸ್ತ ಕಳೆದಿದ್ದಾನೆ.
ಸತ್ತ ಲ್ಯಾಪ್‌ಟಾಪೊಂದು ದಾನ ಕೊಟ್ಟಿತು.
ಆನ್ ಮಾಡಿದೆ. ಬಯೋಸಿನಲ್ಲಿ ಹೆಸರು ಬಂತು.

ಹಳೇ ಹಾರ್ಡ್ ಡಿಸ್ಕು ಮಾಯ.
ಒಂಬತ್ತು ವರ್ಷದ ಉದ್ರಿ ಅದರಲ್ಲಿ.
ಅವರ ಮುಖ ನೋಡದೆ ಕೈಪಿಡಿ ತಿರುವಿದೆ.
ಹದಿನೇಳನೇ ಪುಟ, ಇರುವೆ ಸಾಲಿನಂಥ ಅಡಿಟಿಪ್ಪಣಿ:
ಈ ಸ್ಲಾಟಿನಲ್ಲಿ ಸಾಟಾ ಕೂತರೆ ಎರಡನೇ ಸಾಟಾ ಪೋರ್ಟು ಕೆಲಸ ಮಾಡದು.
ಇಬ್ಬರಿಗೂ ಇರುವುದು ಒಂದೇ ದಾರಿಯಂತೆ.
ಕೇಬಲ್ ಕಿತ್ತು ನಾಲ್ಕನೆಯದಕ್ಕೆ ಸಿಕ್ಕಿಸಿದೆ.
ಹಾಸನದ ಅರ್ಧ ಜನ ಮತ್ತೆ ಸಾಲಗಾರರಾದರು.

"ಎಷ್ಟಾಯ್ತವ್ವ?" ನಾನು ಬಾಯಿಬಿಡುವ ಮೊದಲೇ
ಸೆರಗನ್ನು ನನ್ನ ಅಂಗೈ ಮೇಲೆ ಹರಡಿ
ಒಳಗಿಂದ ಮೂರು ಬೆರಳು ಹಿಡಿದು ಅದುಮಿದರು, ಗಟ್ಟಿಯಾಗಿ,
ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ.
ಕೈ ಸರಿಯಾಗಿಯೇ ಕೂತಿತ್ತು.
ಮುನ್ನೂರೋ, ಮೂರು ಸಾವಿರವೋ, ಮೂರು ಮೂಟೆ ಗಡ್ಡೆಯೋ,
ಖಾಲಿ ಎಂದು ತೋರಿಸುತ್ತ
ಅವರನ್ನೇ ನೋಡುತ್ತಿದ್ದೆ.